ಕ್ಯಾಶುವಾಲ್ಟಿಗೆ ಯಾವ ಬಿಪಿ ಮಷೀನ್: ಡಿಜಿಟಲ್ಲೋ, ಡಯಲ್ಲಿನದೋ?

ಗಲಾಟೆ ತುಂಬಿದ ಕ್ಯಾಶುವಾಲ್ಟಿಯಲ್ಲಿ ಡಿಜಿಟಲ್ಲೇ ಸಲೀಸು. ಪಟ್ಟಿ ಸುತ್ತಿ ಬಟನ್ ಒತ್ತಿದರೆ ಆಯ್ತು. ಐದು ನಿಮಿಷಕ್ಕೊಮ್ಮೆ ತಾನೇ ಅಳೆಯುವ ಮಾನಿಟರ್‌ಗಳೂ ಇವೆ. ಆದರೆ ಅದು ಹಿಡಿಯುವುದು ರಕ್ತನಾಳದ ಮಿಡಿತದಿಂದ ಪಟ್ಟಿಯಲ್ಲಿ ಏಳುವ ಕಂಪನವನ್ನು. ಮೇಲಿನ, ಕೆಳಗಿನ ಅಂಕಿಗಳನ್ನು ಅದರಿಂದ ಲೆಕ್ಕ ಹಾಕುತ್ತದೆ. ರೋಗಿ ನಡುಗುತ್ತಿದ್ದರೆ, ನಾಡಿ ತಾಳ ತಪ್ಪಿದ್ದರೆ, ಬಿಪಿ ತೀರಾ ಕುಸಿದಿದ್ದರೆ ಆ ಲೆಕ್ಕ ಎಡವುತ್ತದೆ. ಸುಮ್ನೆ ಮತ್ತೆ ಮತ್ತೆ ಗಾಳಿ ತುಂಬುತ್ತಾ ಕೂರುವುದೂ ಉಂಟು.

ಆಗ ಡಯಲ್ ಮಷೀನ್ ಕೈ ಹಿಡಿಯುತ್ತದೆ. ಸ್ಟೆತಸ್ಕೋಪಿನಲ್ಲಿ ಏನೂ ಕೇಳಿಸದಿದ್ದರೆ, ಮಣಿಕಟ್ಟಿನ ನಾಡಿಯ ಮೇಲೆ ಬೆರಳಿಟ್ಟು, ನಾಡಿ ಸಿಗದಂತಾಗುವವರೆಗೆ ಪಟ್ಟಿಗೆ ಗಾಳಿ ತುಂಬಿ, ಆಮೇಲೆ ಅದನ್ನು ನಿಧಾನಕ್ಕೆ ಬಿಡಿ. ನಾಡಿ ಮರಳಿ ಬೆರಳಿಗೆ ತಾಗಿದಾಗ ಮುಳ್ಳು 80ರಲ್ಲಿದ್ದರೆ ಮೇಲಿನ ಬಿಪಿ ಸುಮಾರು 80. ಕೆಳಗಿನದು ಹೀಗೆ ಸಿಗಲ್ಲ. ಶಾಕ್‌ನಲ್ಲಿರುವ, ಅಂದರೆ ಅಂಗಾಂಗಗಳಿಗೆ ಸಾಕಷ್ಟು ರಕ್ತ ಹರಿಯದ, ರೋಗಿಗೆ ಮೊದಲು ಬೇಕಾದದ್ದು ಮೇಲಿನದೇ ಅಲ್ವಾ? ಒಮ್ಮೆ ನೆಲಕ್ಕೆ ಬಿದ್ದ ಡಯಲನ್ನು ಮಾತ್ರ ಪರೀಕ್ಷೆ ಮಾಡಿಸದೆ ನಂಬಬೇಡಿ.

ಪಟ್ಟಿಯ ಅಳತೆ ಎರಡಕ್ಕೂ ಮುಖ್ಯ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ಬಿಪಿ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ.

ದುಡ್ಡು ಒಂದಕ್ಕೇ ಇದ್ದರೆ? ಕೈ ಪಳಗಿದ ಸಿಬ್ಬಂದಿ ಇರುವ ಕಡೆ ಡಯಲ್ಲೇ ನನ್ನ ಆಯ್ಕೆ. ಒಬ್ಬರೇ ನರ್ಸ್ ಹತ್ತು ಹಾಸಿಗೆ ನೋಡುವ ಕಡೆ ಡಿಜಿಟಲ್ ತಗೊಳ್ಳಿ.