ಪಕ್ಕದವರ ಟಗರು ನಿಮ್ಮ ಹಿಂಡಿಗೆ ನುಗ್ಗಿದರೆ ಬೆಳಗಾಗುವವರೆಗೆ ಕಾಯಬೇಡಿ

ತಪ್ಪಿಸಿಕೊಂಡು ಬಂದ ಕುರಿಗಳನ್ನು "ನಾಳೆ ನೋಡೋಣ" ಎಂಬ ಮಾತನ್ನು ನಂಬಿ ಒಂದು ರಾತ್ರಿಯೂ ನಿಮ್ಮ ಹಿಂಡಿನೊಂದಿಗೆ ಬೆರೆಯಲು ಬಿಡಬೇಡಿ ಎಂದು, ನೆರೆಯವರೊಂದಿಗೆ ಬೇಲಿ ಹಂಚಿಕೊಂಡಿರುವ ಎಲ್ಲ ಕುರಿ ಸಾಕಣೆದಾರರಲ್ಲಿ ಕೋರುತ್ತೇನೆ.

ಕಳೆದ ಮಳೆಗಾಲದ ಒಂದು ಸಂಜೆ, ಪಕ್ಕದ ಜಮೀನಿನವರ ಟಗರೊಂದು ಕೆಲವು ಕುರಿಗಳ ಸಮೇತ ಬೇಲಿಯ ಸಡಿಲ ತಂತಿಯಡಿ ನುಸುಳಿ ನನ್ನ ಹಿಂಡನ್ನು ಸೇರಿತು. ಕೂಡಲೇ ಫೋನ್ ಮಾಡಿದೆ. "ಕತ್ತಲಾಯಿತು, ನಿಮ್ಮಲ್ಲೇ ಇರಲಿ ಬಿಡಿ, ಬೆಳಿಗ್ಗೆ ಹೊಡೆದುಕೊಂಡು ಹೋಗುತ್ತೇನೆ" ಎಂದವರು, ಮತ್ತೆ ಮತ್ತೆ ಕರೆ ಮಾಡಿದ ಮೇಲೆ ಬಂದದ್ದು ಕೆಲವು ದಿನಗಳ ನಂತರ.

ಅವರ ಕುರಿಗಳಲ್ಲಿ ಒಂದು ಕುಂಟುತ್ತಿತ್ತು. ಎರಡು ವಾರ ಕಳೆಯುವಷ್ಟರಲ್ಲಿ ನನ್ನ ಕುರಿಗಳೂ ಮುಂಗಾಲು ಮಡಚಿ, ಮಂಡಿಯೂರಿಕೊಂಡು ಮೇಯತೊಡಗಿದವು. ಒಂದನ್ನು ಹಿಡಿದು ಕೆಡವಿ ನೋಡಿದರೆ ಗೊರಸಿನ ಸಂದಿಯ ಚರ್ಮ ಕಿತ್ತು, ಅಂಚು ಸಡಿಲವಾಗಿ, ಮೂಗು ಮುಚ್ಚಿಕೊಳ್ಳುವಂಥ ನಾತ ಬರುತ್ತಿತ್ತು. ಗೊರಸು ಕೊಳೆಯುವ ಈ ರೋಗ ಒದ್ದೆ ನೆಲದಲ್ಲಿ ಒಂದರಿಂದ ಇನ್ನೊಂದಕ್ಕೆ ಬೇಗ ಹರಡುತ್ತದೆ. ರೋಗಾಣು ಮಣ್ಣಿನಲ್ಲಿ ಸಾಮಾನ್ಯವಾಗಿ ಎರಡು ವಾರಕ್ಕಿಂತ ಹೆಚ್ಚು ಬದುಕುವುದಿಲ್ಲವಾದರೂ, ಸೋಂಕು ತಗುಲಿದ ಗೊರಸಿನೊಳಗೆ ಬಹುಕಾಲ ಅಡಗಿರುತ್ತದೆ. ಹಾಗಾಗಿ ಮೇವಿನ ಜಾಗ ಬದಲಿಸಿದ ಮಾತ್ರಕ್ಕೆ ಕಾಟ ತೀರಲಿಲ್ಲ.

ಟಗರು ತಂದ ಪೆಟ್ಟು ಅದಕ್ಕಿಂತ ದೊಡ್ಡದು. ಕುರಿಗಳು ಸುಮಾರು 17 ದಿನಕ್ಕೊಮ್ಮೆ ಬೆದೆಗೆ ಬರುವುದರಿಂದ ಹಿಂಡಿನಲ್ಲಿ ಯಾವ ದಿನವೂ ಕೆಲವಾದರೂ ಬೆದೆಯಲ್ಲಿರುವ ಸಂಭವವಿದೆ, ಮತ್ತು ಒಂದು ಟಗರಿಗೆ ಒಂದೇ ರಾತ್ರಿ ಸಾಕು. ಸುಮಾರು ಐದು ತಿಂಗಳ ಬಳಿಕ, ಹಸಿರು ಮೇವಿಲ್ಲದ ಕಾಲದಲ್ಲಿ, ನಾನು ಎಣಿಸಿರದ ಮರಿಗಳು ಹುಟ್ಟತೊಡಗಿದವು. ಇನ್ನೂ ಮೈ ತುಂಬಿರದ ಎಳೆಯ ಕುರಿಯೊಂದು ಈಯಲಾಗದೆ ಮರಿಯೊಂದಿಗೇ ಸತ್ತಿತು.

ಪರಿಹಾರದ ಮಾತೆತ್ತಿದಾಗ ಅವರು, ಬೇಲಿ ನಿಮ್ಮದು, ರೋಗ ನಿಮ್ಮ ರೊಪ್ಪದಲ್ಲೇ ಇತ್ತು, ಮೇಲಾಗಿ ಒಳ್ಳೆಯ ಟಗರಿನ ಮರಿಗಳು ನಿಮಗೆ ಪುಕ್ಕಟೆ ಸಿಕ್ಕಿವೆ ಎಂದರು! ಪ್ರಾಣಿ ಮಾಡಿದ ಹಾನಿಗೆ ಅದರ ಒಡೆಯರೇ ಹೊಣೆ ಎಂಬುದು ಬಹಳ ಕಡೆ ಒಪ್ಪಿತವಾದ ನಿಯಮವೇ ಹೌದು, ಆದರೆ ಬೇಲಿಯ ದುರಸ್ತಿ ಯಾರ ಪಾಲಿಗೆ ಸೇರಿದ್ದೆಂಬುದು ಆಯಾ ಸ್ಥಳದ ಕಾನೂನು ಮತ್ತು ಒಪ್ಪಂದದ ಮೇಲೆ ನಿಂತಿರುತ್ತದೆ. ನಮ್ಮಿಬ್ಬರ ನಡುವೆ ಇದ್ದದ್ದು ಬಾಯಿಮಾತು ಮಾತ್ರ.

ಆದ್ದರಿಂದ ಹೊರಗಿನ ಕುರಿ ಕಂಡ ಕೂಡಲೇ, ತಾತ್ಕಾಲಿಕ ತಡಿಕೆ ಕಟ್ಟಿಯಾದರೂ, ಮೊದಲು ಟಗರನ್ನು ಬೇರೆ ಮಾಡಿ. ಕಿವಿ ಬಿಲ್ಲೆಯ ಸಂಖ್ಯೆ, ಕುಂಟುವ ಕಾಲು, ನುಸುಳಿ ಬಂದ ಜಾಗ ಇವೆಲ್ಲದರ ಚಿತ್ರ ತೆಗೆದು, ದಿನಾಂಕ ಸಮೇತ ಒಡೆಯರಿಗೆ ಬರಹದಲ್ಲೇ ತಿಳಿಸಿ. ನೀರು, ಒಣಮೇವು ಕೊಡಿ. ಆದರೆ ರೂಢಿಯಿಲ್ಲದ ಕುರಿಗೆ ಒಮ್ಮೆಲೇ ಧಾನ್ಯ ಸುರಿದರೆ ಹೊಟ್ಟೆಯಲ್ಲಿ ಆಮ್ಲ ಹೆಚ್ಚಿ ಸಾಯಬಹುದು, ಆಗ ಹೊಣೆ ನಿಮ್ಮ ತಲೆಗೇ ಬರುತ್ತದೆ. ಸಿಟ್ಟಿನಲ್ಲಿ ಅವನ್ನು ಕೂಡಿಹಾಕಿ ಹಣ ಕೇಳಲು ಹೋಗಬೇಡಿ. ಒಡೆಯರು ಬಾರದಿದ್ದರೆ ಸ್ಥಳೀಯ ಆಡಳಿತಕ್ಕೆ ತಿಳಿಸಿ. ಎಳೆಯ ಕುರಿಗಳ ಮೇಲೆ ಟಗರು ಹಾರಿದ ಅನುಮಾನವಿದ್ದರೆ ಪಶುವೈದ್ಯರನ್ನು ತಡಮಾಡದೆ ಕಾಣಿರಿ, ಏಕೆಂದರೆ ಗಬ್ಬವನ್ನು ಚುಚ್ಚುಮದ್ದಿನಿಂದ ತೆಗೆಯಲು ಸಾಧ್ಯವಿರುವುದು ಆರಂಭದ ಕೆಲವು ವಾರಗಳಲ್ಲಿ ಮಾತ್ರ.