ಮಂಡಿ ಆಪ್ ಎಲ್ಲಿಂದ ಹಂಚೋದು? ಪ್ಲೇ ಸ್ಟೋರ್, ವಾಟ್ಸಾಪ್ ಎಪಿಕೆ, ಇಂಡಸ್, ಮೈಕ್ರೋಸಾಫ್ಟ್ ಸ್ಟೋರ್

ಕೋಲಾರ ಎಪಿಎಂಸಿಯ ಟೊಮೆಟೊ ಮಂಡಿಗಳಿಗೆ ಪಟ್ಟಿ ಬರೆಯುವ ಆಪ್ ಕೊಡುವುದಾದರೆ ನನ್ನ ಆಯ್ಕೆ ಪ್ಲೇ ಸ್ಟೋರ್. ಆದರೆ ಒಂದು ಷರತ್ತು: ಮೊದಲೇ ಎಪಿಕೆ ಹಂಚಿದ್ದರೆ, ಆಪ್‌ಗೆ ಸಹಿ ಹಾಕುವ ಕೀ (ಆಪ್ ನಮ್ಮದೇ ಎಂದು ಫೋನಿಗೆ ಖಾತ್ರಿ ಮಾಡುವ ಗುಟ್ಟಿನ ಡಿಜಿಟಲ್ ಕೀಲಿ) ನಮ್ಮ ಕೈಯಲ್ಲೂ ಇರಬೇಕು. ವಾಟ್ಸಾಪ್‌ನಲ್ಲಿ ಎಪಿಕೆ (ಆಂಡ್ರಾಯ್ಡ್ ಆಪ್ ಇನ್‌ಸ್ಟಾಲ್ ಮಾಡುವ ಕಡತ) ಕಳಿಸಿಯೂ ಆಯಿತು, ಇನ್ನೊಂದು ಆಪ್ ಅಂಗಡಿಯಾದ ಇಂಡಸ್‌ಗೆ ಹಾಕಿಯೂ ಆಯಿತು, ಲ್ಯಾಪ್‌ಟಾಪ್ ಇಟ್ಟುಕೊಂಡ ಮಂಡಿಗಳಿಗೆ ವಿಂಡೋಸ್ ಆವೃತ್ತಿ ಕೊಟ್ಟೂ ಆಯಿತು. ಹರಾಜು ಮುಗಿದ ಕೂಡಲೇ ರೈತನಿಗೆ ಪಟ್ಟಿ ಬೇಕು. ಬಾಕ್ಸ್ ಎಷ್ಟು, ದರ ಎಷ್ಟು, ಕೂಲಿ ಎಷ್ಟು, ಕೈಗೆ ಎಷ್ಟು ಅನ್ನುವ ಲೆಕ್ಕದಲ್ಲಿ ತಪ್ಪಿದ್ದರೆ ತಿದ್ದಿದ ಆವೃತ್ತಿ ಮರುದಿನದ ಹರಾಜಿನೊಳಗೆ ಎಲ್ಲ ಫೋನಿಗೂ ತಲುಪಬೇಕು. ನಾಲ್ಕು ದಾರಿಯನ್ನೂ ನಾನು ಅಳೆದಿದ್ದು ಇದರಿಂದಲೇ.

ವಾಟ್ಸಾಪ್ ಎಪಿಕೆಗೆ ಕಾಸು ಖರ್ಚಿಲ್ಲ, ಯಾರ ಅನುಮತಿಗೂ ಕಾಯಬೇಕಿಲ್ಲ. ಆಂಡ್ರಾಯ್ಡ್ 8ರಿಂದ ಈಚೆಗೆ 'ಅಪರಿಚಿತ ಮೂಲದಿಂದ ಇನ್‌ಸ್ಟಾಲ್' ಅನುಮತಿಯನ್ನು ಒಂದೊಂದು ಆಪ್‌ಗೂ ಬೇರೆಬೇರೆಯಾಗಿ ಕೊಡಬೇಕು. ವಾಟ್ಸಾಪ್‌ಗೆ ಕೊಟ್ಟಿದ್ದು ಕ್ರೋಮ್‌ಗೆ ನಡೆಯಲ್ಲ. ಆಮೇಲೆ ಫೋನಿನಲ್ಲಿ ಆಪ್‌ಗಳನ್ನು ತಪಾಸಣೆ ಮಾಡುವ ಗೂಗಲ್‌ನ ಪ್ಲೇ ಪ್ರೊಟೆಕ್ಟ್‌ನಿಂದ ಎಚ್ಚರಿಕೆ ಬರಬಹುದು. ಯುಪಿಐ ಹಣ ಬಂದ ಎಸ್ಎಂಎಸ್ ಓದಿ ಬಾಕಿ ತಾನಾಗಿ ಜಮೆ ಮಾಡುವ ಸೌಲಭ್ಯ ನಿಮ್ಮ ಆಪ್‌ನಲ್ಲಿದ್ದರೆ ಈ ದಾರಿ ಕಷ್ಟ: ಎಸ್ಎಂಎಸ್, ನೋಟಿಫಿಕೇಶನ್ ಅಥವಾ ಆಕ್ಸೆಸಿಬಿಲಿಟಿ (ಪರದೆ ಓದಿ ನಮ್ಮ ಪರವಾಗಿ ಒತ್ತುವ) ಅನುಮತಿ ಕೇಳುವ, ಹೊರಗಿನಿಂದ ಬಂದ ಆಪ್‌ಗಳನ್ನು ಪೂರ್ತಿ ತಡೆಯುವ ಪ್ರಯೋಗವನ್ನು ಭಾರತದಲ್ಲಿ ಗೂಗಲ್ 2024ರಲ್ಲಿ ಪ್ರಕಟಿಸಿತು. ಇದರ ಮೇಲೆ ಮದುವೆ ಆಮಂತ್ರಣ, ಟ್ರಾಫಿಕ್ ಚಲನ್ ಹೆಸರಲ್ಲಿ ಎಪಿಕೆ ಕಳಿಸಿ ಖಾತೆ ಖಾಲಿ ಮಾಡುವ ವಂಚನೆ ಊರೂರಿಗೂ ಗೊತ್ತಾಗಿದೆ. ಮಂಡಿ ಮಾಲೀಕ ಎಪಿಕೆ ಕಂಡು ಹಿಂಜರಿದರೆ ಅದು ಸರಿಯಾದ ಹಿಂಜರಿಕೆ, ಅದನ್ನು ಬಿಡಿಸಲು ಹೋಗಬಾರದು.

ಪ್ಲೇ ಸ್ಟೋರ್ ಖಾತೆಗೆ ಒಮ್ಮೆ 25 ಡಾಲರ್ ಕಟ್ಟಿದರೆ ಮುಗಿಯಿತು, ವರ್ಷ ವರ್ಷ ಕಟ್ಟುವಂತಿಲ್ಲ. ತೊಡಕು ಬೇರೆ ಇದೆ. 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಖಾತೆಯಾದರೆ ಕನಿಷ್ಠ 12 ಪರೀಕ್ಷಕರು ಸತತ 14 ದಿನ ಮುಚ್ಚಿದ ಪರೀಕ್ಷೆಯಲ್ಲಿ (ನಾವು ಸೇರಿಸಿದವರಿಗಷ್ಟೇ ಆಪ್ ಸಿಗುವ ಪ್ರಯೋಗದಲ್ಲಿ) ಇದ್ದ ಮೇಲೆಯೇ ಸಾರ್ವಜನಿಕ ಬಿಡುಗಡೆಗೆ ಅರ್ಜಿ ಹಾಕಬಹುದು. (ಮೊದಲು 20 ಜನ ಬೇಕಿತ್ತು.) ಪರೀಕ್ಷಕರನ್ನು ಸೇರಿಸುವುದು ಅವರ ಜಿಮೇಲ್ ವಿಳಾಸದಿಂದ. ಫೋನಿನ ಪ್ಲೇ ಸ್ಟೋರ್‌ನಲ್ಲಿರುವ ಜಿಮೇಲ್ ಮಗನದ್ದೋ ಅಳಿಯನದ್ದೋ ಆಗಿರುತ್ತದೆ, ಮಾಲೀಕರು ಹೇಳುವ ಜಿಮೇಲ್ ಇನ್ನೊಂದಾಗಿರುತ್ತದೆ. ಆಗ ಪರೀಕ್ಷೆಯ ಕೊಂಡಿ ತೆರೆಯುವುದೇ ಇಲ್ಲ. ಫೋನ್ ಕೈಗೆ ಇಸಿದುಕೊಂಡು ಪ್ಲೇ ಸ್ಟೋರ್‌ನ ಮೂಲೆಯ ಚಿತ್ರ ಒತ್ತಿ ಅಲ್ಲಿರುವ ವಿಳಾಸವನ್ನೇ ಬರೆದುಕೊಳ್ಳಿ. ಒಬ್ಬಿಬ್ಬರು ಬಿಟ್ಟುಹೋದರೂ ಲೆಕ್ಕ ಕೆಡದಂತೆ 16–18 ಜನರನ್ನು ಸೇರಿಸಿ. ಟೊಮೆಟೊ ಸುಗ್ಗಿಯಲ್ಲಿ ಈ ಕೆಲಸ ಬೇಡ. ಸಂಸ್ಥೆಯ ಖಾತೆಗೆ ಈ ಪರೀಕ್ಷೆಯ ನಿಯಮ ಇಲ್ಲ, ಆದರೆ ಸಂಸ್ಥೆಯನ್ನು ಗುರುತಿಸುವ ಡನ್ಸ್ ಸಂಖ್ಯೆ ಬೇಕು.

ಈಗ ನಿಜವಾದ ಕಿರಿಕಿರಿಗೆ ಬರೋಣ. ಮೊದಲು ವಾಟ್ಸಾಪ್‌ನಲ್ಲಿ ಎಪಿಕೆ ಹಂಚಿ, ಆಮೇಲೆ ಪ್ಲೇ ಸ್ಟೋರ್‌ಗೆ ಹೋಗುವವರೆಲ್ಲ ಎಡವುವ ಜಾಗ ಇದು. ಒಂದು ಆಪ್‌ನ ಮೇಲೆ ಅದರ ಹೊಸ ಆವೃತ್ತಿ ಕೂರಬೇಕಾದರೆ ಎರಡರ ಸಹಿಯೂ ಒಂದೇ ಆಗಿರಬೇಕು. ಹೊಸ ಆಪ್‌ಗಳನ್ನು ಪ್ಲೇ ಸ್ಟೋರ್ 2021ರ ಆಗಸ್ಟ್‌ನಿಂದ ಬಂಡಲ್ (ಎಪಿಕೆ ತಯಾರಿಸಲು ಬೇಕಾದ್ದೆಲ್ಲ ಇರುವ ಕಡತ) ರೂಪದಲ್ಲಷ್ಟೇ ತೆಗೆದುಕೊಳ್ಳುತ್ತದೆ. ಅದರಿಂದ ಎಪಿಕೆ ಮಾಡಿ ಸಹಿ ಹಾಕುವುದು ಗೂಗಲ್. ಏನನ್ನೂ ಬದಲಿಸದೆ ಮುಂದೆ ಒತ್ತುತ್ತಾ ಹೋದರೆ ಆ ಸಹಿಯ ಕೀಯನ್ನು ಗೂಗಲ್ಲೇ ಹೊಸದಾಗಿ ಹುಟ್ಟಿಸುತ್ತದೆ. ನಾವು ಬಂಡಲ್‌ಗೆ ಹಾಕುವ ಕೀ ಬಂಡಲ್ ಕಳಿಸಿದ್ದು ನಾವೇ ಎಂದು ಗೂಗಲ್‌ಗೆ ತೋರಿಸುವ ಬರೀ ಅಪ್‌ಲೋಡ್ ಕೀ ಆಗಿ ಉಳಿಯುತ್ತದೆ.

ಪರಿಣಾಮ: ಹಳೆಯ ಎಪಿಕೆ ಇರುವ ಫೋನಿನಲ್ಲಿ ಪ್ಲೇ ಸ್ಟೋರ್ ಆವೃತ್ತಿ ಕೂರುವುದಿಲ್ಲ. ಹಳೆಯದನ್ನು ತೆಗೆದುಹಾಕಿದರೆ ಕೂರುತ್ತದೆ, ಆದರೆ ಲೆಕ್ಕ ಫೋನಿನೊಳಗಿನ ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್ ಕಡತದಲ್ಲಿದ್ದರೆ ಆಪ್ ಜೊತೆ ಅದೂ ಅಳಿಸಿಹೋಗುತ್ತದೆ. ರೈತರ ಮುಂಗಡ, ಬಾಕಿ, ಹಳೆಯ ಪಟ್ಟಿ ಎಲ್ಲವೂ ಹೋಗುತ್ತದೆ. ಮಂಡಿಯ ಲೆಕ್ಕದ ವಹಿ ಸುಟ್ಟಷ್ಟೇ ನಷ್ಟ.

ದಾರಿ ಎರಡು. ಒಂದು, ಪ್ಲೇ ಕನ್ಸೋಲ್‌ನಲ್ಲಿ (ಆಪ್ ಏರಿಸಿ ನಿರ್ವಹಿಸುವ ಗೂಗಲ್ ತಾಣದಲ್ಲಿ) ಮೊದಲ ಬಿಡುಗಡೆ ಸಿದ್ಧ ಮಾಡುವಾಗಲೇ ಸಹಿ ಕೀ ಬದಲಿಸುವ ಆಯ್ಕೆಗೆ ಹೋಗಿ, ಹಳೆಯ ಎಪಿಕೆಗಳಿಗೆ ಬಳಸಿದ ಕೀಸ್ಟೋರ್‌ನ (ಕೀ ಇಡುವ ಕಡತದ) ಕೀಯನ್ನು ಗೂಗಲ್ ಕೊಡುವ ಪೆಪ್ಕ್ ಉಪಕರಣದಿಂದ ಗೂಢಲಿಪಿ ಮಾಡಿ ಏರಿಸುವುದು. ಆಗ ಎಲ್ಲ ಕಡೆಯೂ ಒಂದೇ ಸಹಿ. ಕೀಸ್ಟೋರ್ ಕಡತ ಮತ್ತು ಅದರ ಪಾಸ್‌ವರ್ಡ್‌ಗಳನ್ನು ಎರಡು ಬೇರೆ ಜಾಗದಲ್ಲಿ ಇಡಿ. ಎರಡು, ಇನ್ನೂ ಯಾರಿಗೂ ಎಪಿಕೆ ಕೊಟ್ಟಿಲ್ಲವಾದರೆ ಗೂಗಲ್ ಕೀಯೇ ಇರಲಿ. ಹೊರಗೆ ಕೊಡಬೇಕಾದಾಗ ಕನ್ಸೋಲ್‌ನ ಬಂಡಲ್ ಎಕ್ಸ್‌ಪ್ಲೋರರ್‌ನಿಂದ ಸಹಿ ಆದ, ಎಲ್ಲ ಬಗೆಯ ಫೋನಿಗೂ ಹೊಂದುವ ಯೂನಿವರ್ಸಲ್ ಎಪಿಕೆ ಇಳಿಸಿಕೊಂಡು ಅದನ್ನೇ ಕೊಡಿ.

ಎರಡರಲ್ಲಿ ಯಾವುದಾದರೂ ಸರಿ, ಎಪಿಕೆಸೈನರ್ ಉಪಕರಣದಿಂದ ಸಹಿಯ ಪ್ರಮಾಣಪತ್ರದ ಶಾ-256 ಮುದ್ರೆ (ಸಹಿಯ ಬೆರಳಚ್ಚಿನಂಥ ಉದ್ದ ಸಂಕೇತ) ತೆಗೆದು ಕನ್ಸೋಲ್‌ನಲ್ಲಿ ಕಾಣುವ ಮುದ್ರೆಯ ಜೊತೆ ತಾಳೆ ನೋಡದೆ ಯಾರಿಗೂ ಕಳಿಸಬೇಡಿ. ಗೂಗಲ್ ಲಾಗಿನ್ ಅಥವಾ ಗೂಗಲ್‌ನದ್ದೇ ಆದ ಫೈರ್‌ಬೇಸ್ ಸೇವೆಯ ಒಟಿಪಿ ಬಳಸಿದ್ದರೆ ಅಲ್ಲಿಯೂ ಇದೇ ಸಹಿಯ ಮುದ್ರೆ ಸೇರಿಸಬೇಕು. ಇಲ್ಲದಿದ್ದರೆ ನಿಮ್ಮ ಫೋನಿನಲ್ಲಿ ನಡೆಯುವ ಲಾಗಿನ್ ಪ್ಲೇ ಸ್ಟೋರ್‌ನಿಂದ ಇಳಿಸಿದವರಿಗೆ ನಡೆಯದೆ ಹೋಗುತ್ತದೆ.

ಲಾಗಿನ್ ವಿಷಯ ಬಂತು: ಬಿಡುಗಡೆಗೆ ಮುನ್ನ ಆಪ್ ಪರಿಶೀಲಿಸುವ ಗೂಗಲ್‌ನವರಿಗೆ ನಿಮ್ಮ ಒಟಿಪಿ ಹೋಗಲ್ಲ. ಸ್ಥಿರ ಒಟಿಪಿ ಇರುವ ಪರೀಕ್ಷಾ ಸಂಖ್ಯೆಯೊಂದನ್ನು ಕನ್ಸೋಲ್‌ನಲ್ಲಿ ಬರೆದಿಡಿ.

ಇಂಡಸ್ ಆಪ್‌ಸ್ಟೋರ್ ಫೋನ್‌ಪೇಯದ್ದು, 2024ರ ಫೆಬ್ರವರಿಯಲ್ಲಿ ಶುರುವಾಯಿತು. ಕನ್ನಡದಲ್ಲಿ ಚೆನ್ನಾಗಿ ಕಾಣುತ್ತದೆ. ಆದರೆ ಗ್ರಾಹಕರ ಫೋನಿನಲ್ಲಿ ಅದು ಇಲ್ಲದಿದ್ದರೆ ಮೊದಲು ಅದನ್ನೇ ಇನ್‌ಸ್ಟಾಲ್ ಮಾಡಿಸಬೇಕು. ಎರಡನೇ ಬಾಗಿಲಾಗಿ ಸಾಕು, ಅದೂ ಅದೇ ಸಹಿಯಲ್ಲಿ.

ವಿಂಡೋಸ್‌ನಲ್ಲಿ ಸಹಿ ಇಲ್ಲದ ಇಎಕ್ಸ್ಇ (ವಿಂಡೋಸ್ ಪ್ರೋಗ್ರಾಂ ಕಡತ) ಕೊಟ್ಟರೆ ಅಪರಿಚಿತ ಪ್ರೋಗ್ರಾಂ ತಡೆಯುವ ಸ್ಮಾರ್ಟ್‌ಸ್ಕ್ರೀನ್‌ನ ನೀಲಿ ಪರದೆ ಅಡ್ಡ ಬರುತ್ತದೆ. ಮುಂದುವರಿಯುವ ಗುಂಡಿ 'ಮೋರ್ ಇನ್ಫೋ' ಹಿಂದೆ ಅಡಗಿರುತ್ತದೆ. ಸಹಿ ಪ್ರಮಾಣಪತ್ರಕ್ಕೆ ವರ್ಷ ವರ್ಷ ಹಣ ಬೇಕು, 2023ರ ಜೂನ್‌ನಿಂದ ಅದರ ಕೀ ಹಾರ್ಡ್‌ವೇರ್ ಟೋಕನ್‌ನಂಥ ಸುರಕ್ಷಿತ ಸಾಧನದಲ್ಲೇ ಇರಬೇಕು. ಮೈಕ್ರೋಸಾಫ್ಟ್ ಸ್ಟೋರ್‌ಗೆ ಎಂಎಸ್ಐಎಕ್ಸ್ (ವಿಂಡೋಸ್ ಆಪ್‌ನ ಪ್ಯಾಕೇಜ್) ಆಗಿ ಕೊಟ್ಟರೆ ಸಹಿ ಅವರೇ ಹಾಕುತ್ತಾರೆ. ವೈಯಕ್ತಿಕ ಖಾತೆಗೆ 2025ರಿಂದ ನೋಂದಣಿ ಶುಲ್ಕವೂ ಇಲ್ಲ. ಎಸ್ ಮೋಡ್‌ನಲ್ಲಿ (ಸ್ಟೋರ್‌ನ ಆಪ್ ಮಾತ್ರ ನಡೆಯುವ ವಿಂಡೋಸ್‌ನಲ್ಲಿ) ಬರುವ ಅಗ್ಗದ ಲ್ಯಾಪ್‌ಟಾಪ್‌ಗಳಿಗೆ, ಆ ಮೋಡ್ ಬಿಡಿಸದ ಹೊರತು, ಸ್ಟೋರ್ ಬಿಟ್ಟು ಬೇರೆ ದಾರಿಯೇ ಇಲ್ಲ. ಒಂದು ಎಚ್ಚರ: ಎಂಎಸ್ಐಎಕ್ಸ್ ಆಪ್ ತಾನು ಇನ್‌ಸ್ಟಾಲ್ ಆದ ಫೋಲ್ಡರಿಗೆ ಬರೆಯಲಾರದು, ಆಪ್‌ಡೇಟಾದಲ್ಲಿ (ಆಪ್‌ಗಳ ಮಾಹಿತಿಗೆ ವಿಂಡೋಸ್ ಇಟ್ಟ ಫೋಲ್ಡರಿನಲ್ಲಿ) ಬರೆದಿದ್ದು ಆಪ್ ತೆಗೆದಾಗ ಅಳಿಸಿಹೋಗಬಹುದು. ಲೆಕ್ಕದ ಕಡತ ಡಾಕ್ಯುಮೆಂಟ್ಸ್‌ನಲ್ಲಿರಲಿ.

ಹಣದ ಲೆಕ್ಕ: ಗೂಗಲ್‌ನ ಪಾವತಿ ವ್ಯವಸ್ಥೆಯಾದ ಪ್ಲೇ ಬಿಲ್ಲಿಂಗ್ ಮೂಲಕ ಚಂದಾ ತೆಗೆದುಕೊಂಡರೆ ಶೇ 15 ಗೂಗಲ್‌ಗೆ. ನಾನು ವರ್ಷದ ಹಣವನ್ನು ಮಂಡಿಗೇ ಹೋಗಿ ಯುಪಿಐನಲ್ಲಿ ಪಡೆದು, ರಸೀದಿ ಕೊಟ್ಟು, ಲಾಗಿನ್ ಚಾಲೂ ಮಾಡುವವನು. ಆಪ್ ಉಚಿತವಾಗಿ ಇಳಿಯುತ್ತದೆ. ಒಳಗೆ 'ಇಲ್ಲಿ ಹಣ ಕಟ್ಟಿ' ಅನ್ನುವ ಗುಂಡಿಯಾಗಲಿ ಕೊಂಡಿಯಾಗಲಿ ಇಡುವುದಿಲ್ಲ, ಗೂಗಲ್ ಒಪ್ಪಿದ ಪಾವತಿ ಏರ್ಪಾಡಿಲ್ಲದೆ ಇಟ್ಟರೆ ನಿಯಮ ಮುರಿದಂತೆ. ಚಿಂತಾಮಣಿ, ವಡ್ಡಹಳ್ಳಿ, ಕೋಲಾರ ಇಷ್ಟೇ ಸುತ್ತುವವರಿಗೆ ಇದು ಹೊಂದುತ್ತದೆ. ಮುಖ ನೋಡದ ಗ್ರಾಹಕರಿಗೆ ರಾಜ್ಯದಾಚೆ ಮಾರುವವರು ಆ ಶೇ 15 ಕೊಟ್ಟು ಪ್ಲೇ ಬಿಲ್ಲಿಂಗ್ ಹಾಕಿಕೊಳ್ಳುವುದೇ ಮೇಲು, ಬಾಕಿ ವಸೂಲಿಗೆ ಫೋನ್ ಮಾಡುತ್ತಾ ಕೂರುವ ಕೆಲಸ ತಪ್ಪುತ್ತದೆ.