ಮುಂದಿನ ಚಕ್ರದ ಬ್ರೇಕ್ ಪ್ಯಾಡ್: 38,000 ಕಿ.ಮೀ. ಓಡಿದ ಮೇಲೆ

ಕಾರು ಪೆಟ್ರೋಲ್ ಸ್ವಿಫ್ಟ್. ಮುಂದೆ ಡಿಸ್ಕ್, ಹಿಂದೆ ಡ್ರಮ್. ಪ್ಯಾಡ್ ಕಾರಿನ ಕಂಪೆನಿಯದ್ದಲ್ಲ, ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಸಿಗುವ ಮಧ್ಯಮ ಬೆಲೆಯ ಸೆಟ್. ಓಡಾಟ ಹೆಚ್ಚಾಗಿ ಬದಿಯಡ್ಕ, ಕುಂಬಳೆ, ಕಾಸರಗೋಡು. ನಡುನಡುವೆ ಮುಳ್ಳೇರಿಯ ದಾಟಿ ಜಾಲ್ಸೂರು, ಅಪರೂಪಕ್ಕೆ ಪಾಣತ್ತೂರು–ಕರಿಕೆ ಘಾಟಿ. 5ರಲ್ಲಿ 3.5 ಅಂಕ.

ಹಿಡಿತದ ಬಗ್ಗೆ ದೂರಿಲ್ಲ. ಆಟಿಯ ಮಳೆಯಲ್ಲೂ ಪೆಡಲ್ ಮುಟ್ಟಿದ ಕೂಡಲೇ ಹಿಡಿಯುತ್ತದೆ. ಭಾಗಮಂಡಲದಿಂದ ಪಾಣತ್ತೂರಿಗೆ ಎರಡನೇ ಗೇರಿನಲ್ಲಿ ಇಳಿದರೆ ವಾಸನೆ ಇಲ್ಲ. ನಾಲ್ಕನೇ ಗೇರಿನಲ್ಲಿ ಬಿಟ್ಟು ಬರೇ ಬ್ರೇಕಿನಲ್ಲೇ ತಡೆದುಕೊಂಡು ಬಂದರೆ ಸುಟ್ಟ ವಾಸನೆ ಬಂದು ಹಿಡಿತ ಸಡಿಲವಾಗುತ್ತದೆ. ಅದು ಯಾವ ಪ್ಯಾಡಾದರೂ ಅಷ್ಟೇ. ಆಗ ಕಾರು ನಿಲ್ಲಿಸಿ ತಣಿಯಲು ಬಿಡಿ. ಕಾದ ಡಿಸ್ಕಿಗೆ ನೀರು ಹೊಯ್ಯಬೇಡಿ, ಡೊಂಕಾಗುತ್ತದೆ.

ಅಂಕ ಕಡಿಮೆ ಕೊಟ್ಟದ್ದು ಸವೆತದ ಸೂಚನೆಯ ವಿಷಯಕ್ಕೆ. ಹೊಸತರಲ್ಲಿ ಲೈನಿಂಗ್ (ಪ್ಯಾಡಿನ ಸವೆಯುವ ಪದರ) 10 ಮಿ.ಮೀ. ಇತ್ತು. 20,000ಕ್ಕೆ ನಾಲ್ಕೂ ಸುಮಾರು 7. ಆದರೆ 38,000ಕ್ಕೆ ಬಿಚ್ಚಿದಾಗ ಬಲಬದಿಯ ಎರಡೂ 4.5 ಇದ್ದರೆ, ಎಡಬದಿಯ ಹೊರಗಿನದು 5.5, ಒಳಗಿನದು 2.5! 3 ಮಿ.ಮೀ.ಗೆ ಇಳಿದರೆ ಬದಲಿಸಲೇಬೇಕು. ಅಷ್ಟಾದರೂ ಒಂದು ಚೂರು ಕೀರಲು ಸದ್ದು ಬಂದಿರಲಿಲ್ಲ. ಕಾರಣ, ಸವೆದಾಗ ಡಿಸ್ಕಿಗೆ ತಾಗಿ ಕಿರುಚುವ ಆ ಸಣ್ಣ ತಗಡು ಈ ಸೆಟ್ಟಿನಲ್ಲಿ ಹೊರಗಿನ ಪ್ಯಾಡಿಗೆ ಮಾತ್ರ ಇದೆ. ಸವೆದದ್ದು ಒಳಗಿನದು. ಚಕ್ರದ ಸಂದಿನಿಂದ ಟಾರ್ಚ್ ಹಾಕಿ ನೋಡಿದರೂ ಕಾಣುವುದು ಹೊರಗಿನದೇ. "ಪ್ಯಾಡ್ ಇನ್ನೂ ಉಂಟು" ಎಂದು ಗ್ಯಾರೇಜಿನಲ್ಲಿ ಹೇಳುವುದು ಹೆಚ್ಚಾಗಿ ಅದನ್ನೇ ನೋಡಿ. ಚಕ್ರ ಬಿಚ್ಚಿಸಿ, ಒಳಗಿನದನ್ನು ತೋರಿಸಲು ಹೇಳಿ.

ಹೀಗೆ ಏರುಪೇರಾಗಿ ಸವೆದದ್ದು ಪ್ಯಾಡಿನ ತಪ್ಪಲ್ಲ, ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಪಿನ್ನಿನದ್ದು. ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಆಚೀಚೆ ಜಾರಿದರೆ ಮಾತ್ರ ಎರಡೂ ಪ್ಯಾಡ್ ಸಮವಾಗಿ ಒತ್ತುತ್ತವೆ. ಪಿನ್ನಿನ ರಬ್ಬರ್ ಬೂಟು ಹರಿದರೆ ನಮ್ಮ ಮುರಕಲ್ಲಿನ ಕೆಂಪು ಕೆಸರು ಒಳಗೆ ಸೇರಿ, ಗ್ರೀಸ್ ತೊಳೆದುಹೋಗಿ, ತುಕ್ಕು ಹಿಡಿಯುತ್ತದೆ. ಪಿನ್ ಕಚ್ಚಿಕೊಂಡಾಗ, ಪ್ಯಾಡನ್ನು ತಳ್ಳುವ ಪಿಸ್ಟನ್ ಬದಿಯ, ಅಂದರೆ ಒಳಗಿನ ಪ್ಯಾಡ್ ಒಂದೇ ಎಲ್ಲಾ ಭಾರ ಹೊರುತ್ತದೆ. ಎಡಬದಿಯ ಕೆಳಗಿನ ಪಿನ್ ಹೊರಗೆ ಬಂದಾಗ ಅರ್ಧ ಕಂದು, ಅರ್ಧ ಹೊಳಪು. ಬೂಟಿನೊಳಗೆ ಗ್ರೀಸಿನ ಬದಲು ಒಣಗಿದ ಮಣ್ಣು. ಪಿನ್ ಉಜ್ಜಿ, ಬೂಟು ಬದಲಿಸಿ, ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸ್ ಹಾಕಬೇಕು. ಸಾಮಾನ್ಯ ಗ್ರೀಸ್ ಹಾಕಿದರೆ ರಬ್ಬರ್ ಊದಿ ಮತ್ತೆ ಕಚ್ಚುತ್ತದೆ. ಮಳೆಗಾಲ ಮುಗಿದ ಮೇಲೆ ವರ್ಷಕ್ಕೊಮ್ಮೆ ಈ ಕೆಲಸ ಮಾಡಿಸಿದರೆ ಪ್ಯಾಡಿನ ಆಯುಷ್ಯ ಹೆಚ್ಚುತ್ತದೆ.

ಸದ್ದಿಲ್ಲದಿದ್ದರೂ ಸೂಚನೆ ಇದ್ದವು. ಹೈವೇಯಲ್ಲಿ ಬ್ರೇಕ್ ಒತ್ತಿದಾಗ ಸ್ಟಿಯರಿಂಗ್ ಬಲಕ್ಕೆ ತುಸು ಎಳೆಯುತ್ತಿತ್ತು. ಎಡಬದಿಯ ಹಿಡಿತ ಕಡಿಮೆಯಾದರೆ ಹಾಗಾಗುತ್ತದೆ. ಓಡಿಸಿ ನಿಲ್ಲಿಸಿದಾಗ ಎಡ ರಿಮ್ಮಿನ ಬಳಿ ಅಂಗೈ ಹಿಡಿದರೆ (ತಾಗಿಸಬೇಡಿ) ಬಲಬದಿಗಿಂತ ಹೆಚ್ಚು ಬಿಸಿ, ಪಿನ್ ಕಚ್ಚಿ ಒಳಗಿನ ಪ್ಯಾಡ್ ಪೂರ್ತಿ ಬಿಡದೆ ಉಜ್ಜುತ್ತಿದ್ದ ಕಾರಣ. ಬ್ರೇಕ್ ಆಯಿಲಿನ ಡಬ್ಬಿಯಲ್ಲಿ ಮಟ್ಟವೂ ಇಳಿದಿತ್ತು. ಪ್ಯಾಡ್ ಸವೆದಂತೆ ಪಿಸ್ಟನ್ ಮುಂದೆ ಬಂದು ಆಯಿಲ್ ಕ್ಯಾಲಿಪರಿಗೆ ಹೋಗುತ್ತದೆ. ತಿರುವಿನಲ್ಲಿ ಡ್ಯಾಶ್‌ಬೋರ್ಡಿನ ಬ್ರೇಕ್ ದೀಪ ಮಿನುಗಿ ಆರಿದರೂ ಇದೇ ಸಂಶಯ ಪಡಿ. ಬರೇ ಆಯಿಲ್ ತುಂಬಿಸಿ ದೀಪ ಆರಿಸಿದರೆ ಸವೆತ ಮುಚ್ಚಿಹೋಗುತ್ತದೆ, ಹೊಸ ಪ್ಯಾಡ್ ಹಾಕುವಾಗ ಆಯಿಲ್ ಉಕ್ಕಿ ಪೈಂಟ್ ಕಿತ್ತುಕೊಂಡು ಬರುತ್ತದೆ. ಮಟ್ಟ ಬೇಗ ಇಳಿದರೆ, ಹಿಂದಿನ ಟಯರಿನ ಒಳಬದಿ ಒದ್ದೆಯಾಗಿದ್ದರೆ, ಡ್ರಮ್ಮಿನೊಳಗೆ ಬ್ರೇಕ್ ಒತ್ತುವ ವೀಲ್ ಸಿಲಿಂಡರ್ ಸೋರುತ್ತಿದೆ. ಆ ಕಾರು ಓಡಿಸಲೇಬಾರದು.

ಮಳೆ ನಿಂತ ಬೆಳಿಗ್ಗೆ ಮೊದಲ ನಾಲ್ಕೈದು ಬ್ರೇಕಿಗೆ ಬರುವ ಕರಕರ ಡಿಸ್ಕಿನ ಮೇಲಿನ ತೆಳು ತುಕ್ಕು. ಅದಕ್ಕೆ ಹೆದರಬೇಡಿ. ಹತ್ತಿರದ ಅಂಗಡಿ ಮುಟ್ಟುವಷ್ಟು ಓಡಿಸಿದರೂ ಹೋಗದಿದ್ದರೆ ಹೆದರಿ.

ಪೆಡಲ್ ಸ್ಪಂಜಿನಂತಾದರೆ ಲೈನಿನಲ್ಲಿ ಗಾಳಿ. ಒತ್ತಿ ಹಿಡಿದಾಗ ಮೆಲ್ಲ ಕೆಳಗೆ ಇಳಿದರೆ, ಹೊರಗೆ ಸೋರಿಕೆ ಕಾಣದಿದ್ದರೆ, ಪೆಡಲಿನ ಒತ್ತನ್ನು ಆಯಿಲಿಗೆ ದಾಟಿಸುವ ಮಾಸ್ಟರ್ ಸಿಲಿಂಡರ್ ಕೆಟ್ಟಿದೆ. ಕಲ್ಲಿನಂತಾದರೆ ಕಾಲಿನ ಒತ್ತಿಗೆ ಬಲ ಕೂಡಿಸುವ ಬೂಸ್ಟರಿನ ಮೇಲೆ ಸಂಶಯ: ಇಂಜಿನ್ ಆಫ್ ಮಾಡಿ ನಾಲ್ಕೈದು ಸಲ ಒತ್ತಿ, ಒತ್ತಿಹಿಡಿದೇ ಸ್ಟಾರ್ಟ್ ಮಾಡಿ. ಪೆಡಲ್ ತುಸು ಇಳಿದರೆ ಬೂಸ್ಟರ್ ಸರಿ ಇದೆ.

ಬ್ರೇಕ್ ಆಯಿಲನ್ನು ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ, ನಮ್ಮ ತೇವದಲ್ಲಿ ಮುಂದೂಡಬೇಡಿ. ಡಾಟ್ 4 ದರ್ಜೆಯ ಆಯಿಲಿನ ಕನಿಷ್ಠ ಕುದಿಬಿಂದು ಹೊಸತರಲ್ಲಿ 230 ಡಿಗ್ರಿ. ನೀರು ಹೀರಿದ ಮೇಲೆ 155 ಡಿಗ್ರಿ. ಘಾಟಿಯಲ್ಲಿ ಕುದಿದು ಆವಿಯಾದರೆ ಪೆಡಲ್ ಒಮ್ಮೆಲೇ ನೆಲ ಮುಟ್ಟುತ್ತದೆ.

ಇದೇ ಸೆಟ್ಟನ್ನು ಮತ್ತೆ ಕೊಳ್ಳಬಹುದು, ಜೊತೆಗೆ ಪಿನ್ ಬೂಟ್ ಕಿಟ್ ಸೇರಿಸಿ. ಡಿಸ್ಕಿನ ಅಂಚಿನಲ್ಲಿ ಕೆತ್ತಿರುವ ಕನಿಷ್ಠ ದಪ್ಪಕ್ಕಿಂತ ಡಿಸ್ಕ್ ತೆಳುವಾಗಿದ್ದರೆ ಅದನ್ನೂ ಬದಲಿಸಿ. ಹಾಕಿದ ಮೇಲೆ ಕಾರು ಹೊರಡಿಸುವ ಮೊದಲು ಪೆಡಲ್ ಗಟ್ಟಿಯಾಗುವವರೆಗೆ ಒತ್ತಿ, ಖಾಲಿ ರಸ್ತೆಯಲ್ಲಿ 60ರಿಂದ 20ಕ್ಕೆ ಎಂಟು–ಹತ್ತು ಸಲ ನಿಧಾನಕ್ಕೆ ಇಳಿಸಿ. ಮೊದಲ 300 ಕಿ.ಮೀ. ಘಾಟಿ ಬೇಡ.